ಜಿಂಕೆಗೆ ಕಾಲು ಇಂಚಿನ ಗುಂಡು ಸಾಕೇ?

ಪ್ರಶ್ನೆ: ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದೇನೆ, ಎಚ್-1ಬಿ ವೀಸಾ. ಆಫೀಸಿನ ಗೆಳೆಯರು ನವೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್ ಕಡೆಯ ರಾಂಚ್ ಒಂದಕ್ಕೆ ಜಿಂಕೆ ಬೇಟೆಗೆ ಕರೆದಿದ್ದಾರೆ. ರೇಂಜಿನಲ್ಲಿ ಸ್ವಲ್ಪ ಅಭ್ಯಾಸ ಇದೆ, ಬೇಟೆ ಹೊಸದು. ಒಬ್ಬರು .300 ವಿನ್‌ಚೆಸ್ಟರ್ ಮ್ಯಾಗ್ನಮ್ ತೋಟಾದ ರೈಫಲ್ ತೆಗೆದುಕೊ ಅನ್ನುತ್ತಾರೆ. ಅಂಗಡಿಯವರು .25-06 ರೆಮಿಂಗ್ಟನ್ ತೋರಿಸಿದರು. ಅದರ ಗುಂಡು ಕಾಲು ಇಂಚಿನದು, ತೀರಾ ಸಣ್ಣದು ಅನ್ನಿಸಿತು. ಜಿಂಕೆ ಅರೆಗಾಯವಾಗಿ ಓಡಿಹೋದರೆ ಎಂಬ ಹೆದರಿಕೆ. ಯಾವುದು ಸರಿ?

ಉತ್ತರ: .25-06 ತೆಗೆದುಕೊಳ್ಳಿ. ಅರೆಗಾಯದ ಹೆದರಿಕೆ ನಿಮಗಿದೆಯಲ್ಲ, ಆ ಹೆದರಿಕೆಗೇ ಉತ್ತರ ಈ ತೋಟಾ.

ಗುಂಡು ಜಿಂಕೆಯನ್ನು ಹೇಗೆ ಕೊಲ್ಲುತ್ತದೆ ಎಂಬುದು ಮೊದಲು ಸ್ಪಷ್ಟವಾಗಬೇಕು. ಹೊಡೆತದ ರಭಸಕ್ಕೆ ಜಿಂಕೆ ಉರುಳಿ ಬೀಳುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಹಾಗಲ್ಲ. ಗುಂಡು ಶ್ವಾಸಕೋಶವನ್ನೋ ಹೃದಯವನ್ನೋ ಹರಿದಾಗ ರಕ್ತ ಸೋರಿ, ಮಿದುಳಿಗೆ ಆಮ್ಲಜನಕ ನಿಂತು ಅದು ಸಾಯುತ್ತದೆ. ಹೃದಯಕ್ಕೇ ತಗುಲಿದ ಜಿಂಕೆಯೂ ಐವತ್ತು, ನೂರು ಗಜ ಓಡುವುದುಂಟು. ಹಾಗಾಗಿ ತೋಟಾದಿಂದ ನಾವು ಕೇಳಬೇಕಾದದ್ದು ಎರಡೇ: ಗುಂಡು ಎದೆಗೂಡಿನ ಒಳಗೆ ಆಳಕ್ಕೆ ಇಳಿಯಬೇಕು, ಇಳಿಯುವಾಗ ಅರಳಿ ಅಗಲವಾದ ದಾರಿ ಮಾಡಬೇಕು.

ಕಾಲು ಇಂಚು ಎನ್ನುವುದು ನಳಿಗೆಯ ಒಳಗಿನ ರಂಧ್ರದ ಅಳತೆ. ಗುಂಡಿನ ಅಡ್ಡಳತೆ .257 ಇಂಚು, ಅಂದರೆ ಸುಮಾರು ಆರೂವರೆ ಮಿಲಿಮೀಟರ್. ಬೇಟೆಗೆಂದೇ ಮಾಡಿದ ಗುಂಡು ಮಾಂಸದೊಳಗೆ ಹೊಕ್ಕ ತಕ್ಷಣ ಮೂತಿ ಅರಳಿಸಿಕೊಂಡು ಹೆಚ್ಚುಕಡಿಮೆ ಎರಡರಷ್ಟು ಅಗಲವಾಗುತ್ತದೆ. ಆಳದ ವಿಚಾರಕ್ಕೆ ಬಂದರೆ, ಸುತ್ತಿಗೆಯ ಪೆಟ್ಟು ಒಂದೇ ಆದರೂ ದಪ್ಪ ಮೊಳೆಗಿಂತ ಸಪೂರ ಮೊಳೆ ಹೆಚ್ಚು ಇಳಿಯುತ್ತದಲ್ಲ, ಲೆಕ್ಕ ಅದೇ. ನೋಡಬೇಕಾದದ್ದು ಗುಂಡಿನ ಅಡ್ಡಳತೆಗೆ ತಕ್ಕಂತೆ ಅದರ ತೂಕ ಎಷ್ಟು ಎಂಬುದನ್ನು. 120 ಗ್ರೇನ್ (ಗುಂಡು ತೂಗುವ ಸಣ್ಣ ಮಾನ) ತೂಗುವ .25ರ ಗುಂಡು ಈ ಲೆಕ್ಕದಲ್ಲಿ 150 ಗ್ರೇನಿನ .30ರ ಗುಂಡಿಗಿಂತ ಮುಂದಿದೆ. 150 ಗ್ರೇನಿನ ಆ ಗುಂಡನ್ನು .30-06 ರೈಫಲಿಗೆ ತುಂಬಿ ಅಮೆರಿಕದವರು ತಲೆಮಾರುಗಳಿಂದ ಜಿಂಕೆ ಹೊಡೆಯುತ್ತಿದ್ದಾರೆ, ಅದು ಸಾಕೇ ಎಂದು ಯಾರೂ ಕೇಳುವುದಿಲ್ಲ.

ಫ್ರೆಡರಿಕ್ಸ್‌ಬರ್ಗ್ ಸುತ್ತಲಿನ ಗುಡ್ಡಗಾಡು, ನಿಮ್ಮ ಹಿಲ್ ಕಂಟ್ರಿಯ ಬಿಳಿಬಾಲದ ಜಿಂಕೆ ಕೆನಡಾ ಗಡಿಯ ಕಡೆಯದಕ್ಕಿಂತ ಬಹಳ ಚಿಕ್ಕದು, ನಮ್ಮ ಬಂಡೀಪುರದ ಚುಕ್ಕೆ ಜಿಂಕೆಗಿಂತಲೂ ತುಸು ಸಣ್ಣದೇ ಅಂದುಕೊಳ್ಳಿ. ಅದರ ಎದೆಯಲ್ಲಿ ನೀವು ಗುರಿಯಿಡಬೇಕಾದ ಜಾಗ ಸುಮಾರು ಎಂಟು ಇಂಚಿನ ವೃತ್ತ. .25-06ರ 117 ಗ್ರೇನ್ ಗುಂಡು ಸೆಕೆಂಡಿಗೆ 2990 ಅಡಿ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಸ್ಕೋಪ್ ಹೊಂದಿಸಿದರೆ 100 ಗಜದಲ್ಲಿ ಒಂದೂವರೆ ಇಂಚು ಮೇಲೆ, 250ರಲ್ಲಿ ಮೂರು ಇಂಚು ಕೆಳಗೆ ಬೀಳುತ್ತದೆ. 250 ಗಜದವರೆಗೆ ನೇರ ಎದೆಗೆ ಗುರಿಯಿಟ್ಟರೆ ಆಯಿತು, ಮೇಲೆ ಹಿಡಿಯಬೇಕೆ, ಎಷ್ಟು ಹಿಡಿಯಬೇಕು ಎಂಬ ಲೆಕ್ಕ ಬೇಡ. ಹೊಸಬರಿಗೆ, ಎದೆ ಡವಗುಟ್ಟುತ್ತಿರುವಾಗ, ಇದು ದೊಡ್ಡ ಉಪಕಾರ.

ಆದರೂ ಈ ತೋಟಾವನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ, ಹೊಡೆದಾಗ ಅದು ಹೆಗಲಿಗೆ ಕೊಡುವ ಒದೆತ ಕಡಿಮೆ ಎಂಬುದು. ಒಂದೇ ತೂಕದ ರೈಫಲುಗಳಲ್ಲಿ .300 ಮ್ಯಾಗ್ನಮ್ .25-06ರ ಎರಡು ಪಟ್ಟು ಒದೆಯುತ್ತದೆ. ಅಂಥದ್ದನ್ನು ಹತ್ತು ಸಲ ಹೊಡೆದ ಮೇಲೆ ದೇಹ ತಾನಾಗಿ ಒಂದು ಕೆಟ್ಟ ಪಾಠ ಕಲಿಯುತ್ತದೆ. ಟ್ರಿಗರ್ ಎಳೆಯುವ ಗಳಿಗೆಗೆ ಕಣ್ಣು ಮುಚ್ಚುತ್ತದೆ, ಹೆಗಲು ಬಿಗಿಯುತ್ತದೆ, ನಳಿಗೆ ಕೆಳಗೆ ಬಾಗುತ್ತದೆ. ನಿಮಗೇ ಗೊತ್ತಾಗದಂತೆ. ಇದನ್ನು ಪರೀಕ್ಷಿಸಲು ಒಂದು ಹಳೆಯ ಉಪಾಯವಿದೆ: ರೇಂಜಿನಲ್ಲಿ ಗೆಳೆಯರೊಬ್ಬರಿಗೆ ರೈಫಲ್ ಕೊಟ್ಟು, ನೀವು ನೋಡದಂತೆ ಒಮ್ಮೆ ನಿಜವಾದ ತೋಟಾ, ಒಮ್ಮೆ ಡಮ್ಮಿ ತೋಟಾ ಹಾಕಿಸಿಕೊಳ್ಳಿ. ಡಮ್ಮಿ ಇದ್ದಾಗ ನಳಿಗೆ ಅಲುಗಿತೆಂದರೆ ನೀವು ಬೆಚ್ಚುತ್ತಿದ್ದೀರಿ. ಮ್ಯಾಗ್ನಮ್ ಹಿಡಿದು ಬೆಚ್ಚುವವನ ಗುಂಡು ಎದೆ ತಪ್ಪಿ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಗುಂಡು ಎಷ್ಟೇ ದಪ್ಪಗಿರಲಿ, ಜಿಂಕೆ ಗಂಟೆಗಟ್ಟಲೆ ನರಳಿ ಎಲ್ಲೋ ಮುಳ್ಳುಪೊದೆಯಲ್ಲಿ ಸಾಯುತ್ತದೆ. ಹಾಗಾಗಬಾರದು. ಪ್ರಾಣ ತೆಗೆಯಲು ಹೊರಟವರ ಮೇಲೆ ಈ ಹೊಣೆ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹೆಗಲು ನೋಯದ ರೈಫಲನ್ನು ಜನ ಹೆಚ್ಚು ಅಭ್ಯಾಸ ಮಾಡುತ್ತಾರೆ. ಅಭ್ಯಾಸ ಮಾಡಿದವರ ಗುಂಡು ಎದೆಗೇ ಹೋಗುತ್ತದೆ.

ಈ ಅಳತೆ ಹೊಸದೇನಲ್ಲ. ವಿನ್‌ಚೆಸ್ಟರ್ ಕಂಪನಿಯ .25-35 ತೋಟಾ 1895ರದ್ದು. 1915ರಲ್ಲಿ ಸ್ಯಾವೇಜ್ ಕಂಪನಿಗಾಗಿ ಚಾರ್ಲ್ಸ್ ನ್ಯೂಟನ್ .250 ತೋಟಾ ರೂಪಿಸಿದರು. 100 ಗ್ರೇನ್ ಗುಂಡು ಇರಲಿ ಎಂಬುದು ಅವರ ಇಷ್ಟವಾಗಿತ್ತು. ಸೆಕೆಂಡಿಗೆ 3000 ಅಡಿ ಎಂದು ಡಬ್ಬಿಯ ಮೇಲೆ ಹಾಕಿಕೊಳ್ಳುವ ಆಸೆಗೆ ಕಂಪನಿ 87 ಗ್ರೇನಿಗೆ ಇಳಿಸಿ, 250-3000 ಎಂದೇ ಹೆಸರಿಟ್ಟಿತು. ಆ ಹಗುರ ಗುಂಡಿಗೆ ಸಾಕಾಗುವಷ್ಟೇ ತಿರುವನ್ನು ನಳಿಗೆಯೊಳಗಿನ, ಗುಂಡನ್ನು ಗಿರಗಿರ ತಿರುಗಿಸುವ ಸುರುಳಿ ಗೆರೆಗಳಿಗೆ ಕೊಟ್ಟಿದ್ದರಿಂದ ಆ ಕಾಲದ ರೈಫಲುಗಳು ಉದ್ದನೆಯ, ಭಾರದ ಗುಂಡನ್ನು ಸ್ಥಿರವಾಗಿ ಹಾರಿಸಲು ತಿಣುಕುತ್ತವೆ. ಹಳೆಯ ಸ್ಯಾವೇಜ್ ಕೊಳ್ಳುವವರು ಇದನ್ನು ನೆನಪಿಡಬೇಕು. ನೆಡ್ ರಾಬರ್ಟ್ಸ್ 7 ಮಿಲಿಮೀಟರ್ ಮೌಸರ್ ಕೋಶದ (ತೋಟಾದಲ್ಲಿ ಮದ್ದು ತುಂಬುವ ಕೊಳವೆ) ಕುತ್ತಿಗೆ ಕಿರಿದು ಮಾಡಿ ರೂಪಿಸಿದ ತೋಟಾ 1934ರಲ್ಲಿ .257 ರಾಬರ್ಟ್ಸ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ನೀವು ನೋಡಿದ .25-06 ಅನ್ನು ಎ. ಓ. ನೀಡ್ನರ್ 1920ರ ಹೊತ್ತಿಗೇ ಮಾಡಿದ್ದರೂ ರೆಮಿಂಗ್ಟನ್ ಅದನ್ನು ತನ್ನದಾಗಿಸಿಕೊಂಡದ್ದು 1969ರಲ್ಲಿ. ಆ ದೊಡ್ಡ ಕೋಶಕ್ಕೂ ಸಣ್ಣ ರಂಧ್ರಕ್ಕೂ ಹೊಂದುವ, ನಿಧಾನವಾಗಿ ಉರಿಯುವ ಮದ್ದು ಮೊದಲಿಗೆ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ 20 ಮಿಲಿಮೀಟರ್ ಫಿರಂಗಿಗೆಂದು ಮಾಡಿದ್ದ 4831 ಎಂಬ ಮದ್ದು ಮಿಕ್ಕು ಅಗ್ಗವಾಗಿ ಸಿಕ್ಕಿತು. ಈ ತೋಟಾದ ನಿಜವಾದ ಶಕ್ತಿ ಜನರಿಗೆ ತಿಳಿದದ್ದು ಆಗ.

ಇನ್ನು ಎಚ್ಚರಿಕೆಗಳು. ಅಂಗಡಿಯಲ್ಲಿ 75ರಿಂದ 90 ಗ್ರೇನಿನ .25 ಗುಂಡುಗಳೂ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕಯೋಟಿಯಂಥ ಸಣ್ಣ ಪ್ರಾಣಿಗಳಿಗೆ ತೆಳು ಕವಚ ಹಾಕಿ ಮಾಡಿದವು. ಜಿಂಕೆಯ ಹೆಗಲ ಮೂಳೆಗೆ ತಗುಲಿದರೆ ಮೇಲೆಯೇ ಪುಡಿಯಾಗುತ್ತವೆ. 100ರಿಂದ 120 ಗ್ರೇನಿನವನ್ನೇ, ಡಬ್ಬಿಯ ಮೇಲೆ ಜಿಂಕೆ ಬೇಟೆಗೆ ಎಂದಿರುವುದನ್ನೇ ಕೊಳ್ಳಿ. ಗುಂಡಿನ ಕಟ್ಟುವಿಕೆ ಎಷ್ಟು ಮುಖ್ಯ ಎಂಬುದಕ್ಕೆ ಜಾನ್ ನೋಸ್ಲರ್ ಸಾಕ್ಷಿ. 1946ರಲ್ಲಿ ಕೆನಡಾದಲ್ಲಿ .300 ಎಚ್ ಅಂಡ್ ಎಚ್ ಮ್ಯಾಗ್ನಮ್ ಹಿಡಿದು ಹೋದರೂ ಅವರ ಗುಂಡುಗಳು ಮೂಸ್ ಎಂಬ ಭಾರಿ ಜಿಂಕೆಯ ಮೈಮೇಲೇ ಒಡೆದುಹೋದವು. ಆಮೇಲೆ ಅವರು ನಡುವೆ ತಾಮ್ರದ ಗೋಡೆಯಿರುವ ಗುಂಡು ರೂಪಿಸಿ 1948ರಿಂದ ಮಾರತೊಡಗಿದರು. ಪಾರ್ಟಿಷನ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಇದೆ, .25ರಲ್ಲಿಯೂ.

.25-06ರ ಸದ್ದು ಜೋರು. ನಳಿಗೆ 24 ಇಂಚಿಗಿಂತ ಮೋಟಾಗಿದ್ದರೆ ಇನ್ನೂ ಜೋರು, ವೇಗವೂ ಕಡಿಮೆ. ಕಿವಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಬೇಡ. ಗಂಟೆಗೆ ಹತ್ತು ಮೈಲಿ ವೇಗದ ಅಡ್ಡಗಾಳಿ 300 ಗಜದಲ್ಲಿ ಈ ಗುಂಡನ್ನು ಆರೇಳು ಇಂಚು ಪಕ್ಕಕ್ಕೆ ಸರಿಸುತ್ತದೆ, ಹಾಗಾಗಿ ಮೊದಲ ವರ್ಷ 200 ಗಜದಾಚೆ ಯೋಚಿಸಲೇಬೇಡಿ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಕರೆದರೆ ಈ ರೈಫಲ್ ಮನೆಯಲ್ಲಿರಲಿ. ಹೊಡೆದವರಿದ್ದಾರೆ, ನಿಜ. ಆದರೆ ಅಷ್ಟು ದೊಡ್ಡ ಮೈ, ಅಷ್ಟು ದಪ್ಪ ಹೆಗಲಿಗೆ ಹೊಸಬರು ಇದನ್ನು ನಂಬಬಾರದು.

ಜಿಂಕೆ ಪಕ್ಕವಾಗಿ ನಿಂತಿರಲಿ, ಅಥವಾ ಸ್ವಲ್ಪ ಆಚೆಗೆ ತಿರುಗಿರಲಿ. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಎತ್ತರಕ್ಕೆ ಗುರಿಯಿಡಿ. ನಿಮ್ಮತ್ತ ಮುಖ ಮಾಡಿದ್ದರೆ ಕಾಯಿರಿ. ಈಡು ಬಿದ್ದ ಮೇಲೆ ಜಿಂಕೆ ಕಣ್ಣಿಗೆ ಕಾಣದಂತೆ ಓಡಿದರೆ ಅಟ್ಟಿಸಿಕೊಂಡು ಹೋಗಬೇಡಿ, ಅರ್ಧ ಗಂಟೆ ಕೂತಿರಿ. ನೆಲದ ಮೇಲೆ ನೊರೆನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶಕ್ಕೆ ತಗುಲಿದೆ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾಗಿದ್ದರೆ ಯಕೃತ್ತು. ಹಸಿರು ಕಸ ಬೆರೆತಿದ್ದರೆ ಹೊಟ್ಟೆ: ಹಲವು ಗಂಟೆ ಕಾದು, ಅನುಭವಸ್ಥರನ್ನು ಜೊತೆಗೆ ಕರೆದುಕೊಂಡು ಹುಡುಕಿ.

ನಿಮ್ಮ ವೀಸಾ ಕುರಿತು ಒಂದು ಮಾತು, ಇದು ತೋಟಾಕ್ಕಿಂತ ಮುಖ್ಯ. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನೇ ಅಮೆರಿಕದ ಒಕ್ಕೂಟ ಕಾನೂನು ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಮಾತ್ರ ವಿನಾಯಿತಿ. ಟೆಕ್ಸಾಸಿನ ಲೈಸೆನ್ಸ್ ಪ್ರತಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ನವೀಕರಿಸುವುದು ಮರೆತು ರೈಫಲ್ ಮನೆಯಲ್ಲಿಟ್ಟುಕೊಂಡರೆ ಅಪರಾಧ, ವೀಸಾಕ್ಕೇ ಕುತ್ತು. ಕೊಳ್ಳುವ ಮೊದಲು ವಲಸೆ ವಕೀಲರೊಬ್ಬರನ್ನು ಕೇಳಿ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಟೆಕ್ಸಾಸಿನಲ್ಲಿ ಬೇಟೆ ಶಿಕ್ಷಣದ ತರಬೇತಿಯನ್ನೂ ಪಡೆಯಬೇಕು. ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಜಮ್ಮಾ ಕುಟುಂಬ, ಕೋವಿ ವಿನಾಯಿತಿ ಪತ್ರ ಇದೆ. ಟೆಕ್ಸಾಸಿನಲ್ಲಿ ನಮ್ಮ ಚುಕ್ಕೆ ಜಿಂಕೆಯನ್ನೇ ಹೊಡೆಯುತ್ತಾರಂತೆ, ನಿಜವೇ? ಇಲ್ಲಿ ತೋಟಕ್ಕೆ ನುಗ್ಗಿದರೆ ನಾವೂ ಹೊಡೆಯಬಹುದೇ?

ಉತ್ತರ: ಮೊದಲನೆಯದು ನಿಜ. 1932ರ ಹೊತ್ತಿಗೆ ಟೆಕ್ಸಾಸಿನ ರಾಂಚ್‌ಗಳಿಗೆ ತಂದುಬಿಟ್ಟ ಚುಕ್ಕೆ ಜಿಂಕೆಗಳು ಬೇಲಿ ದಾಟಿ ಹಿಲ್ ಕಂಟ್ರಿಯ ತುಂಬ ಹರಡಿವೆ. ಅಲ್ಲಿ ಅವು ಹೊರಗಿನ ಪ್ರಾಣಿ, ಹಾಗಾಗಿ ಲೈಸೆನ್ಸ್ ಇದ್ದರೆ ವರ್ಷವಿಡೀ ಬೇಟೆಯಾಡಬಹುದು. .25ರ ತೋಟಾಗಳು ಅವಕ್ಕೂ ಚೆನ್ನಾಗಿ ಒಗ್ಗುತ್ತವೆ.

ಎರಡನೆಯದಕ್ಕೆ ಉತ್ತರ: ಖಂಡಿತ ಇಲ್ಲ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು. ಬೇಟೆಯನ್ನು ತಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರಿಂದ ಯಾರಿಗೂ ಇಂಥ ವಿನಾಯಿತಿ ಇಲ್ಲ. ಜಿಂಕೆ ಕಾಫಿ ತೋಟದೊಳಗೆ ನಿಂತಿದ್ದರೂ ಹೊಡೆದರೆ ಜೈಲು. ಬೆಳೆ ಹಾಳಾಗಿದ್ದರೆ ಫೋಟೊ ತೆಗೆದಿಟ್ಟು ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಇಲ್ಲಿ ಸೀಸದ ಗುಂಡು ನಿಷೇಧ. ನನ್ನ .257 ರಾಬರ್ಟ್ಸ್‌ಗೆ ತಾಮ್ರದ ಗುಂಡು ಆಗುತ್ತದೆಯೇ?

ಉತ್ತರ: ಆಗುತ್ತದೆ. ನಿಮ್ಮ ರಾಜ್ಯದಲ್ಲಿ 2019ರ ಜುಲೈ 1ರಿಂದ ಎಲ್ಲ ಬಗೆಯ ಕೋವಿ ಬೇಟೆಗೂ ಸೀಸವಿಲ್ಲದ ಗುಂಡೇ ಬೇಕು. ಸೀಸ ಒಡೆದು ಮಾಂಸದೊಳಗೆ ಕಣ್ಣಿಗೆ ಕಾಣದ ಚೂರುಗಳಾಗಿ ಉಳಿಯುತ್ತದೆ. ಬಿಟ್ಟುಬಂದ ಕರುಳು, ಮಾಂಸ ತಿಂದ ಕಾಂಡೋರ್ ರಣಹದ್ದುಗಳು ಸೀಸದ ವಿಷಕ್ಕೆ ಸತ್ತಿವೆ. ಮನೆಯಲ್ಲಿ ಮಕ್ಕಳು ಅದೇ ಮಾಂಸ ಉಣ್ಣುವುದಾದರೆ ಕಾನೂನು ಇಲ್ಲದ ಕಡೆಯೂ ನಾನು ತಾಮ್ರವನ್ನೇ ಹೇಳುತ್ತೇನೆ. ತಾಮ್ರ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಗುಂಡನ್ನು ಹತ್ತು ಇಂಚಿಗೆ ಒಂದು ಸುತ್ತು ತಿರುಗಿಸುವ ನಳಿಗೆಗೆ 100 ಗ್ರೇನಿನದು ಒಳ್ಳೆಯ ಆಯ್ಕೆ. ತಾಮ್ರ ಅರಳಲು ವೇಗ ಬೇಕು, ಆದ್ದರಿಂದ ರಾಬರ್ಟ್ಸ್‌ನಲ್ಲಿ ದೂರವನ್ನು ಸ್ವಲ್ಪ ಕಡಿಮೆಯೇ ಇಟ್ಟುಕೊಳ್ಳಿ.

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಪರಿಚಯದವರೊಬ್ಬರು ಹಳೆಯ .25-35 ಲಿವರ್ ರೈಫಲ್ ಮಾರುತ್ತಿದ್ದಾರೆ. ರೋ ಜಿಂಕೆಗೆ ಬಳಸಬಹುದೇ?

ಉತ್ತರ: ಇಲ್ಲ, ಬಿಟ್ಟುಬಿಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 1991ರ ಡೀರ್ ಆಕ್ಟ್ ಪ್ರಕಾರ ರೋ ಜಿಂಕೆಗೆ ರೈಫಲಿನ ಅಳತೆ .240 ಇಂಚಿಗಿಂತ ಕಡಿಮೆ ಇರಬಾರದು, ನಳಿಗೆಯ ಬಾಯಿಯಲ್ಲಿ ಗುಂಡಿನ ಶಕ್ತಿ 1700 ಫುಟ್-ಪೌಂಡಿಗಿಂತ ಕಡಿಮೆ ಇರಬಾರದು, ಗುಂಡು ಅರಳುವಂಥದ್ದಾಗಿರಬೇಕು. ಕಾಲು ಇಂಚು ಅಳತೆಯಲ್ಲಿ ಪಾಸಾಗುತ್ತದೆ. ಆದರೆ .25-35ರ 117 ಗ್ರೇನ್ ಗುಂಡು ಸೆಕೆಂಡಿಗೆ 2230 ಅಡಿ ವೇಗದಲ್ಲಿ ಹೊರಟರೆ ಶಕ್ತಿ 1300ರ ಆಸುಪಾಸು ಮಾತ್ರ. .250 ಸ್ಯಾವೇಜ್ 100 ಗ್ರೇನ್ ಗುಂಡಿನೊಂದಿಗೆ 1760ರ ಹತ್ತಿರ ಬರುತ್ತದೆ, ನಳಿಗೆ ಮೋಟಾಗಿದ್ದರೆ ಗೆರೆಯ ಕೆಳಗೆ ಇಳಿದೀತು. .257 ರಾಬರ್ಟ್ಸ್ 1800 ದಾಟುತ್ತದೆ. .25-06 ಆದರೆ 2300, ಚಿಂತೆಯೇ ಇಲ್ಲ.

ಡಬ್ಬಿಯ ಮೇಲೆ ಮುದ್ರಿಸಿದ ವೇಗ ಕಾರ್ಖಾನೆಯ ಉದ್ದ ನಳಿಗೆಯದ್ದು. ಯಾವುದೇ ರೈಫಲ್ ಕೊಂಡರೂ ಅದರ ನಿಜವಾದ ವೇಗವನ್ನು ಕ್ರೋನೊಗ್ರಾಫಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಪೊಲೀಸರು ಕೊಡುವ ಫೈರ್‌ಆರ್ಮ್ ಸರ್ಟಿಫಿಕೇಟಿನಲ್ಲಿ ಕ್ಯಾಲಿಬರ್ ಹೆಸರಿಸಿರುತ್ತದೆ, ಹಾಗಾಗಿ ಮೊದಲು ಅಲ್ಲಿ ಬದಲಾವಣೆಗೆ ಅರ್ಜಿ ಹಾಕಿ, ಅನುಮತಿ ಕೈಗೆ ಬಂದ ಮೇಲೆಯೇ ಮುಂಗಡ ಕೊಡಿ.