ಮಗಳ ಕೆಲಸ ಮಗಳ ಕೈಗೇ ಕೊಡಿ, ಅಕ್ಕಾ

(ತಿಕೋಟಾ ಹತ್ತಿರದ ಹಳ್ಳಿಯಿಂದ ತಾಯಿಯೊಬ್ಬರು ಬರೆದ ಪತ್ರದ ಸಾರ: ‘ನಮ್ಮದು ದ್ರಾಕ್ಷಿ ತೋಟದ ಮನೆತನ. ಮಗಳು ವಿಜಯಪುರದಲ್ಲಿ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿದೆ, ಅಕ್ಟೋಬರಿಗೆ ಹೋಗಬೇಕು. ಅವರ ಅಪ್ಪ ಬ್ಯಾಂಕಿಗೆ ಓಡಾಡುತ್ತಿದ್ದಾರೆ, ನನ್ನ ತಮ್ಮ ಕಾಗದಪತ್ರ ನೋಡುತ್ತಿದ್ದಾನೆ, ನಾನು ರೊಟ್ಟಿ-ಚಟ್ನಿ ಸಿದ್ಧ ಮಾಡುತ್ತಿದ್ದೇನೆ. ಏನೇನು ಕಟ್ಟಿ ಕಳಿಸಲಿ? ಹನ್ನೆರಡು ಲಕ್ಷ ಮೊದಲೇ ಅಲ್ಲಿ ಇಡಬೇಕಂತೆ, ಇದರಲ್ಲಿ ಮೋಸ ಇಲ್ಲವೇ?’)

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ಅಪ್ಪ ಇದ್ದಾರೆ, ಸೋದರಮಾವ ಇದ್ದಾನೆ, ನೀವಿದ್ದೀರಿ. ಹೋಗುವವಳು ಏನು ಮಾಡುತ್ತಿದ್ದಾಳೆ ಅನ್ನುವುದು ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ. ನನ್ನನ್ನು ಕಾಡಿದ್ದು ಅದೇ.

ಮೊದಲು ದುಡ್ಡಿನ ಮಾತು, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದು. ಮೋಸವಿಲ್ಲ. ಅಲ್ಲಿ ಇರುವ ಖರ್ಚಿಗೆ ದುಡ್ಡಿದೆ ಎಂದು ತೋರಿಸಲು ಇಡುವ ಖಾತೆ ಅದು, ಬ್ಲಾಕ್ಡ್ ಅಕೌಂಟ್ ಅನ್ನುತ್ತಾರೆ. 2024ರ ಸೆಪ್ಟೆಂಬರಿನಿಂದ ಅದರ ಮೊತ್ತ ವರ್ಷಕ್ಕೆ 11,904 ಯೂರೋ. ಖಾತೆ ಮಗಳ ಹೆಸರಿನಲ್ಲೇ ಇರುತ್ತದೆ. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಕೈಗೇ ಬರುತ್ತದೆ. ಮೊತ್ತ ಆಗಾಗ ಏರುವುದರಿಂದ ಕಳಿಸುವ ಮುಂಚೆ ಜರ್ಮನ್ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಲಿ. ಏಜೆಂಟರ ಖಾತೆಗೆ ಮಾತ್ರ ಒಂದು ರೂಪಾಯಿಯನ್ನೂ ಹಾಕಬೇಡಿ. ಈ ಖಾತೆ ಅಲ್ಲಿ ಚಾಲೂ ಆಗಲು ಕೆಲವು ವಾರ ಹಿಡಿಯಬಹುದು, ಹಾಗಾಗಿ ಮೊದಲ ತಿಂಗಳ ಖರ್ಚು ಬೇರೆಯಾಗಿ ಜೊತೆಗಿರಲಿ.

ಯಜಮಾನರು ತೋಟದ ಉತಾರ (ಪಹಣಿ) ಹಿಡಿದು ಬ್ಯಾಂಕಿಗೆ ಅಲೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೊಲ-ತೋಟವನ್ನು ಅಡವು ಹಿಡಿಯುವುದಿಲ್ಲ, ಮನೆ, ಎನ್.ಎ. (ಕೃಷಿಯೇತರ) ಆದ ಪ್ಲಾಟು, ಠೇವಣಿ ಕೇಳುತ್ತವೆ. ಮ್ಯಾನೇಜರ್ ಹತ್ತಿರ ಇದನ್ನು ನೇರವಾಗಿ ಕೇಳಿ, ಚಪ್ಪಲಿ ಸವೆಸಬೇಡಿ. ಇನ್ನೊಂದು ಮಾತು. ಸ್ವಂತ ದುಡ್ಡು ವರ್ಷಕ್ಕೆ 10 ಲಕ್ಷ ದಾಟಿ ಕಳಿಸಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕು ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ದುಡ್ಡಿಗೆ 2025ರ ಏಪ್ರಿಲ್‌ನಿಂದ ಅದಿಲ್ಲ. ಒಕ್ಕಲುತನದ ಆದಾಯಕ್ಕೆ ತೆರಿಗೆ ಇಲ್ಲವೆಂದು ನಮ್ಮವರು ರಿಟರ್ನ್ ತುಂಬುವುದೇ ಇಲ್ಲ. ಆದರೆ ಹಿಡಿದ ಟಿಸಿಎಸ್ ವಾಪಸ್ ಬರಬೇಕಾದರೆ ಆ ವರ್ಷ ರಿಟರ್ನ್ ತುಂಬಲೇಬೇಕು.

ಇನ್ನು ಕಾಗದಪತ್ರ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಡೆ ಒಂದು ಮಾರ್ಕ್ಸ್‌ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಅಪ್ಪನ ಹೆಸರಿನ ಬರೀ ಇನಿಷಿಯಲ್. ನಮ್ಮ ಅಣ್ಣನ ಮಗ ಹೊರಟಾಗ ಅವನ ಪದವಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನ ಕೊನೆಯ ‘ಪ್ಪ’ದಲ್ಲಿ ಇಂಗ್ಲಿಷಿನ ಒಂದು ‘ಪಿ’ ಬಿಟ್ಟುಹೋಗಿತ್ತು. ಆ ಒಂದಕ್ಷರಕ್ಕೆ ಐದು ವಾರ. ಅಣ್ಣ ಮೂರು ಸಲ ವಿಶ್ವವಿದ್ಯಾಲಯದ ಕಚೇರಿಗೆ ಹೋದ, ಮೂರೂ ಸಲ ‘ನಾಳೆ ಬರ್ರಿ’. ನಾಲ್ಕನೇ ಸಲ ಹುಡುಗನೇ ಹೋದ. ಅರ್ಜಿಯನ್ನು ತಾನೇ ಬರೆದು, ಎಸ್ಸೆಸ್ಸೆಲ್ಸಿ ಕಾರ್ಡು, ಪಾಸ್‌ಪೋರ್ಟಿನ ನಕಲು ಲಗತ್ತಿಸಿ, ತನ್ನ ಪ್ರತಿಯ ಮೇಲೆ ‘ತಲುಪಿದೆ’ ಎಂಬ ಸೀಲು ಒತ್ತಿಸಿಕೊಂಡೇ ಕೌಂಟರ್ ಬಿಟ್ಟ. ಎಂಟು ದಿನದಲ್ಲಿ ತಿದ್ದಿದ ಪ್ರಮಾಣಪತ್ರ ಬಂತು.

ಜರ್ಮನಿಯಲ್ಲಿ ಮೊದಲ ತಿಂಗಳು ಅವನು ಮಾಡಿದ್ದೂ ಇಂಥದೇ ಕೆಲಸ. ಅಲ್ಲಿ ಮನೆಗೆ ಹೊಕ್ಕ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಮಾವ ಅಲ್ಲಿಗೆ ಬರುವುದಿಲ್ಲ, ಅಕ್ಕಾ. ಅದಕ್ಕೇ ಹೇಳುತ್ತೇನೆ, ಫೈಲು ಇವತ್ತೇ ಮಗಳ ಕೈಗೆ ಹೋಗಲಿ. ವಿದ್ಯಾರ್ಥಿ ವಸತಿಗೃಹಕ್ಕೆ ಅರ್ಜಿಯನ್ನೂ ಅವಳೇ ತಕ್ಷಣ ಹಾಕಲಿ, ಸರದಿ ಉದ್ದ ಇರುತ್ತದೆ. ಕೋಣೆ ನೋಡದೆ ಡಿಪಾಸಿಟ್ ಕೇಳುವವರಿಗೆ ದುಡ್ಡು ಕಳಿಸಬಾರದು. ವೀಸಾ ಅರ್ಜಿ ಕೊಡಲು ಬೆಂಗಳೂರಿಗೆ ಹೋಗುವಾಗ ಮನೆಮಂದಿಯೆಲ್ಲ ಹೊರಡಬೇಡಿ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ, ಒಬ್ಬಳೇ ಹೋಗಿ ಬರಲಿ. ಎದೆ ಢವಢವ ಅನ್ನುತ್ತದೆ ನಿಮಗೆ, ಗೊತ್ತು. ಆದರೂ ಕಳಿಸಿ.

ಈಗ ಬುತ್ತಿಯ ಮಾತು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಧಾರಾಳವಾಗಿ ಕಟ್ಟಿ. ಆದರೆ ಹಾಲಿನಿಂದ ಆದದ್ದು, ಮಾಂಸದ್ದು ಯಾವುದನ್ನೂ ಪ್ರಯಾಣಿಕರು ಹೊರಗಿನಿಂದ ಯುರೋಪಿನ ಒಕ್ಕೂಟಕ್ಕೆ ಒಯ್ಯುವಂತಿಲ್ಲ. ಬೆಳಗಾವಿ ಕುಂದಾ, ಧಾರವಾಡ ಪೇಡೆ, ಮನೆಯ ತುಪ್ಪ ಇಲ್ಲೇ ಉಳಿಯಬೇಕು. ಹಸಿ ಇಂಡಿ ಲಿಂಬೆ, ಕರಿಬೇವು ಕೂಡ ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಹೋಗುವುದಿಲ್ಲ. ಲಿಂಬೆ ಉಪ್ಪಿನಕಾಯಿ ಒಯ್ಯಬಹುದು, ಡಬ್ಬಿ ದೊಡ್ಡ ಬ್ಯಾಗಿನಲ್ಲಿರಲಿ. ಮೂಲ ಪ್ರಮಾಣಪತ್ರಗಳು ಮಾತ್ರ ಕೈಚೀಲದಲ್ಲೇ.

ಖಡಕ್ ರೊಟ್ಟಿ ನೂರು ಕಟ್ಟಿದರೂ ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತವೆ. ಅದಕ್ಕಿಂತ ದಿನಾ ಸಂಜೆ ಅಡುಗೆಮನೆ ಅವಳಿಗೆ ಬಿಟ್ಟುಕೊಡಿ. ಬೇಳೆ, ಪಲ್ಯ, ಅನ್ನ ಅವಳೇ ಮಾಡಲಿ. ಪಾತ್ರೆಯೂ ಅವಳೇ ತೊಳೆಯಲಿ. ರೊಟ್ಟಿ ಬಡಿಯಲು ಕಲಿತರೆ ಬಹಳ ಒಳ್ಳೆಯದು, ಆದರೆ ಅಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಪ್ಪಳ ಮಾಡುವಂತಿಲ್ಲ. ಬಡಿಯುವುದಿದ್ದರೆ ಸಂಜೆಯೇ ಮುಗಿಸಬೇಕು.

ನೀವು ಕೇಳದೆ ಬಿಟ್ಟದ್ದೊಂದಿದೆ: ಅವಳು ಹೋದಮೇಲೆ ನಿಮ್ಮ ಗತಿ ಏನು ಅಂತ. ನಸುಕಿನ 5ಕ್ಕೆ ಎದ್ದು ಫೋನ್ ಹಚ್ಚಿದರೆ ಅಲ್ಲಿ ರಾತ್ರಿ 1.30, ಅಕ್ಟೋಬರ್ ಕೊನೆಯ ಭಾನುವಾರದಿಂದ 12.30. ಅದರ ಬದಲು ನಮ್ಮ ರಾತ್ರಿ 9 ಗಂಟೆ ಗೊತ್ತು ಮಾಡಿಕೊಳ್ಳಿ, ಅಲ್ಲಿ ಆಗ ಸಂಜೆ. ಒಂದು ದಿನ ಅವಳು ಎತ್ತದಿದ್ದರೆ ಗಾಬರಿಯಾಗಬೇಡಿ, ಗ್ರಂಥಾಲಯದಲ್ಲಿ ಇದ್ದಾಳು.

ಬೆಂಗಳೂರಿನಿಂದ ಅವಳು ಒಬ್ಬಳೇ ತಿರುಗಿ ಬಂದ ದಿನ ನನಗೊಂದು ಸಾಲು ಬರೆಯಿರಿ. ಅವಳೇ ಬರೆದರೆ ಇನ್ನೂ ಸಂತೋಷ.

— ಸಂಪಾದಕ