ಅನುಭವವಿಲ್ಲದೆ ಕೊಡಗಿನಲ್ಲಿ ಒಳ್ಳೆಯ ಸಂಬಳದ ಮೊದಲ ಕೆಲಸ

ಪ್ರಶ್ನೆ: ಪಿಯುಸಿ ಮುಗಿದಿದೆ, ಅನುಭವವಿಲ್ಲ. ಮಡಿಕೇರಿ–ಕುಶಾಲನಗರ ಕಡೆ ಒಳ್ಳೆಯ ಸಂಬಳದ ಕೆಲಸ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ, ಆದರೆ ಸಂಬಳದ ಅಂಕಿಯೊಂದನ್ನೇ ನೋಡಬೇಡಿ. ಬೆಂಗಳೂರಿನಲ್ಲಿ 20,000 ಎಂದರೆ ಪಿಜಿ ಬಾಡಿಗೆ, ಊಟ, ಬಸ್ಸಿಗೆ 12,000 ಹೋದರೂ ಉಳಿಯುವುದು 8,000. ಇಲ್ಲಿನ ರೆಸಾರ್ಟ್ ಊಟ, ರೂಮು ಕೊಟ್ಟು 14,000 ಕೊಟ್ಟರೆ ಉಳಿತಾಯ ಅದಕ್ಕಿಂತ ಹೆಚ್ಚು.

ರೆಸಾರ್ಟಿನಲ್ಲಿ ಫ್ರಂಟ್ ಆಫೀಸ್ ಅಥವಾ ರಿಸರ್ವೇಶನ್ ಕೇಳಿ. ಕನ್ನಡದ ಜೊತೆ ಇಂಗ್ಲಿಷ್, ಹಿಂದಿಯಲ್ಲಿ ಫೋನಿನಲ್ಲಿ ಮಾತನಾಡಲು ಬಂದರೆ ಅನುಭವದ ಕೊರತೆ ಅಷ್ಟಾಗಿ ಕಾಡದು. ದಸರಾ ರಜೆಯ ನೂಕುನುಗ್ಗಲಿಗೆ ಮೊದಲೇ, ಅಂದರೆ ಆಗಸ್ಟ್–ಸೆಪ್ಟೆಂಬರಿನಲ್ಲಿ, ಬಯೋಡೇಟಾ ಹಿಡಿದು ನೇರವಾಗಿ ಹೋಗಿ. ಸೇರುವ ಮುನ್ನ ಮೂರು ವಿಷಯ ಬರವಣಿಗೆಯಲ್ಲಿ ಪಡೆಯಿರಿ: ಸರ್ವಿಸ್ ಚಾರ್ಜಿನಲ್ಲಿ ಪಾಲು ಎಷ್ಟು, ವಾರದ ರಜೆ ಯಾವಾಗ, ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದಾಗ ಪೂರ್ತಿ ಸಂಬಳ ಕೊಡುತ್ತಾರೆಯೇ. ಹೆಚ್ಚಿನವರು ಮೂರನೆಯದನ್ನು ಕೇಳದೆ ಜುಲೈನಲ್ಲಿ ಪರದಾಡುತ್ತಾರೆ.

ಇನ್ನೊಂದು ದಾರಿ ಕಾಫಿ. ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್, ಖರೀದಿ ಡಿಪೋಗಳಲ್ಲಿ ತೂಕ ಬರೆಯುವ ಕೆಲಸದಿಂದ ಆರಂಭ, ಸಂಬಳ ಸಾಧಾರಣ. ಆದರೆ 50 ಕೆಜಿ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಎಷ್ಟು ಕೆಜಿ ಬೀಜ ಬರುತ್ತದೆ ಎಂಬ ಔಟ್‌ಟರ್ನ್ ಲೆಕ್ಕ, ತೇವಾಂಶ ಮೀಟರ್, ಗ್ರೇಡಿಂಗ್ ಕಲಿತವರ ಬೆಲೆ ಬೇಗ ಏರುತ್ತದೆ.

ಆಫರಿನಲ್ಲಿ ಸಿಟಿಸಿ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಬರೆದಿದ್ದರೆ ಕೈಗೆ ಬರುವುದನ್ನು ಕೇಳಿ: ಮೂಲ ವೇತನದ 12% ಪಿಎಫ್‌ಗೆ ಕಡಿತವಾಗುತ್ತದೆ, ಮಾಲೀಕರ ಪಾಲನ್ನೂ ಸಿಟಿಸಿಯೊಳಗೇ ಸೇರಿಸಿರುತ್ತಾರೆ. ತಿಂಗಳ ವೇತನ 21,000ದೊಳಗಿದ್ದರೆ ಇಎಸ್‌ಐಗೆ (ನೌಕರರ ಆರೋಗ್ಯ ವಿಮೆ) ವೇತನದ 0.75% ಕಡಿತ. ‘ಟ್ರೈನಿಂಗ್ ಡಿಪಾಸಿಟ್’ ಕೇಳಿದರೆ ಎದ್ದು ಬನ್ನಿ. ಮೂಲ ಅಂಕಪಟ್ಟಿ ಯಾರಿಗೂ ಕೊಡಬೇಡಿ, ಜೆರಾಕ್ಸ್ ಸಾಕು.