ನಲವತ್ತು ದಾಟಿದ ಮೇಲೆ ಫೋಟೋಗ್ರಫಿ ಕಲಿಯಬೇಕು, ಯಾವ ಕೋರ್ಸ್ ಸೇರಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ವಯಸ್ಸು ನಲವತ್ತು ದಾಟಿದೆ, ಕೆಲಸವೂ ಮನೆಯೂ ತಲೆ ಮೇಲಿವೆ, ಆಸೆಪಟ್ಟು ಕೊಂಡ ಕ್ಯಾಮೆರಾ ಇನ್ನೂ ಆಟೋ ಮೋಡ್ ಬಿಟ್ಟು ಕದಲಿಲ್ಲ. ಆನ್‌ಲೈನ್ ಕೋರ್ಸ್, ಎರಡು ದಿನದ ವರ್ಕ್‌ಶಾಪ್, ವಾರಕ್ಕೊಮ್ಮೆ ನಡೆಯುವ ಸಂಜೆ ತರಗತಿ, ಒಂದು ವರ್ಷದ ಡಿಪ್ಲೊಮಾ, ಇವುಗಳಲ್ಲಿ ಯಾವುದು ಒಳ್ಳೆಯದು? ಕ್ಯಾಮೆರಾ ಕೂಡ ಬದಲಿಸಬೇಕಾ?

ನಾನೂ ಕೆಲಸದ ನಡುವೆಯೇ ಕಲಿತವನು. ಈಗ ಹೊಸದಾಗಿ ಕಲಿಯುತ್ತಿರುವ ಕೆಲವರ ಫೋಟೋ ನೋಡಿ ಅಭಿಪ್ರಾಯ ಹೇಳುತ್ತಿರುತ್ತೇನೆ. ನನ್ನ ಉತ್ತರ ನೇರವಾಗಿದೆ: ನೀವು ತೆಗೆದ ಫೋಟೋವನ್ನು ಒಬ್ಬರು ಕೂತು ನೋಡಿ, ಏನು ಸರಿಯಿದೆ, ಏನು ಸರಿಯಿಲ್ಲ ಅಂತ ಮುಖಕ್ಕೆ ಹೇಳುವ ಕೋರ್ಸ್‌ಗೆ ದುಡ್ಡು ಕೊಡಿ. ಮಿಕ್ಕಿದ್ದಕ್ಕೆ ಕೊಡಬೇಡಿ.

ಯಾಕೆಂದರೆ ಮಿಕ್ಕಿದ್ದೆಲ್ಲ ಪುಕ್ಕಟೆ ಸಿಗುತ್ತದೆ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿಯ ಅಗಲ), ಶಟರ್ (ಬೆಳಕು ಒಳಗೆ ಬೀಳುವ ಹೊತ್ತು), ಐಎಸ್ಒ (ಬಿದ್ದ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನುವುದು), ಈ ಮೂರರ ಲೆಕ್ಕವನ್ನೇ ತೆಗೆದುಕೊಳ್ಳಿ. ಅಪರ್ಚರ್ ಅನ್ನು ಎಫ್ 2.8ರಿಂದ ಎಫ್ 4ಕ್ಕೆ ಕಿರಿದು ಮಾಡಿದರೆ ಒಳಗೆ ಬರುವ ಬೆಳಕು ಅರ್ಧವಾಗುತ್ತದೆ. ಅದನ್ನು ಸರಿದೂಗಿಸಲು ಶಟರ್ ಅನ್ನು ಸೆಕೆಂಡಿನ 1/200ರಿಂದ 1/100ಕ್ಕೆ ಇಳಿಸಬೇಕು, ಇಲ್ಲವೇ ಐಎಸ್ಒ 200 ಇದ್ದದ್ದನ್ನು 400 ಮಾಡಬೇಕು. ಇಷ್ಟೇ. ಒಂದು ಭಾನುವಾರ ಕ್ಯಾಮೆರಾ ಹಿಡಿದು ಕೂತರೆ ತಲೆಗೆ ಹತ್ತುವ ವಿಷಯ ಇದು. ಇನ್ನೂ ಆಳಕ್ಕೆ ಹೋಗಬೇಕು ಅನ್ನಿಸಿದರೆ, ಸ್ಟ್ಯಾನ್‌ಫರ್ಡ್‌ನಲ್ಲಿ ಕಲಿಸುತ್ತಿದ್ದ ಮಾರ್ಕ್ ಲೆವೊಯ್ 2016ರಲ್ಲಿ ತಮ್ಮ ಡಿಜಿಟಲ್ ಫೋಟೋಗ್ರಫಿ ಪಾಠಗಳ ವಿಡಿಯೊಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಲೆನ್ಸ್, ಸೆನ್ಸರ್, ಬಣ್ಣ, ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಎಲ್ಲ ಅದರಲ್ಲಿದೆ. ಸ್ವಲ್ಪ ಗಣಿತವೂ ಇದೆ, ಹೆದರಬೇಡಿ, ದಾಟಿಸಿಕೊಂಡು ನೋಡಿ.

ಈಗ ವಿಡಿಯೊ ಎಲ್ಲಿ ಕೈಕೊಡುತ್ತದೆ ಹೇಳುತ್ತೇನೆ. ಕಿಟಕಿ ಪಕ್ಕ ಕೂತ ಒಬ್ಬರ ಫೋಟೋ ತೆಗೆದಿರಿ, ಮುಖ ಕಪ್ಪಾಗಿ ಬಂತು ಅಂದುಕೊಳ್ಳಿ. ವಿಡಿಯೊ ನೋಡಿದರೆ ಕಾರಣ ಗೊತ್ತಾಗುತ್ತದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಒಂದು ಮಧ್ಯಮ ಬೂದು ಬಣ್ಣದ ಮಟ್ಟಕ್ಕೆ ತರಲು ನೋಡುತ್ತದೆ. ಕಿಟಕಿ ಜಾಸ್ತಿ ಬೆಳ್ಳಗಿದ್ದರೆ ಇಡೀ ಚಿತ್ರವನ್ನೇ ಕತ್ತಲು ಮಾಡಿಬಿಡುತ್ತದೆ. ನೀವು ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) ಪ್ಲಸ್ 1ಕ್ಕೆ ಇಡುತ್ತೀರಿ, ಮುಖ ಕಾಣುತ್ತದೆ. ಆದರೂ ಫೋಟೋ ಸಪ್ಪೆ. ಯಾಕೆ ಅಂತ ನಿಮಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಗೊತ್ತಿರುವವರು ಇದ್ದರೆ, 'ಅವರು ಬೆಳಕಿಗೆ ಬೆನ್ನು ಹಾಕಿ ಕೂತಿದ್ದಾರೆ ನೋಡಿ. ನೀವು ಕಿಟಕಿಯ ಬದಿಗೇ ಹೋಗಿ ನಿಂತು, ಅವರನ್ನು ಸ್ವಲ್ಪ ತಿರುಗಿಸಿದ್ದರೆ ಸೆಟ್ಟಿಂಗ್ ಮುಟ್ಟುವ ಕೆಲಸವೇ ಇರಲಿಲ್ಲ' ಅನ್ನುತ್ತಾರೆ. ಅಥವಾ, 'ತಲೆಯ ಹಿಂದೆ ಕಂಬ ಎದ್ದಿದೆ, ತೆಗೆಯುವಾಗ ಕಾಣಲಿಲ್ವಾ?' ಅಂತ ಕೇಳುತ್ತಾರೆ. ಈ ಮಾತು ವಿಡಿಯೊದಲ್ಲಿ ಬರುವುದಿಲ್ಲ, ಅದು ನಿಮ್ಮ ಫೋಟೋ ನೋಡಿಲ್ಲ ಅಲ್ವಾ? ಇಂಥ ಮಾತು ಕೆಲವು ವಾರ ಕಿವಿಗೆ ಬಿದ್ದರೆ, ಫೋಟೋ ತೆಗೆಯುವ ಮುಂಚೆಯೇ ಕಂಬ ಕಣ್ಣಿಗೆ ಬೀಳಲು ಶುರುವಾಗುತ್ತದೆ.

ಹಾಗಾಗಿ ಸೇರುವ ಮುಂಚೆ ಕಲಿಸುವವರಿಗೆ ಫೋನ್ ಮಾಡಿ. ಸಿಲಬಸ್ ಕೇಳಬೇಡಿ, ಎಲ್ಲ ಕಡೆ ಅದೇ ಪಟ್ಟಿ. ತರಗತಿಯಲ್ಲಿ ಎಷ್ಟು ಜನ, ಪ್ರತಿ ಸಲ ಒಬ್ಬೊಬ್ಬರ ಎಷ್ಟು ಫೋಟೋ ನೋಡುತ್ತೀರಿ ಅಂತ ಕೇಳಿ. ಎರಡು ಗಂಟೆಯ ತರಗತಿಯಲ್ಲಿ 12 ಜನ ಇದ್ದರೆ ನಿಮ್ಮ ಪಾಲಿಗೆ 10 ನಿಮಿಷ. 40 ಜನ ಇದ್ದರೆ 3 ನಿಮಿಷ, ಅದೂ ಪಾಠ ಏನೂ ಮಾಡದೆ ಬರೀ ಫೋಟೋ ನೋಡಿದರೆ. 'ಕೊನೆಯ ದಿನ ಎಲ್ಲರ ಫೋಟೋ ಒಟ್ಟಿಗೆ ನೋಡ್ತೀವಿ' ಅಂದರೆ ಅಲ್ಲಿಗೆ ಬಿಡಿ. ತಿದ್ದಿಕೊಂಡು ಮತ್ತೆ ತೆಗೆಯಲು ಸಮಯವೇ ಇಲ್ಲದಿದ್ದರೆ ಹೇಳಿಸಿಕೊಂಡು ಏನು ಮಾಡುತ್ತೀರಿ?

ಇನ್ನೊಂದು ವಿಷಯ. ಕಲಿಸುವವರ ಫೋಟೋ ನೋಡಿ ಮರುಳಾಗುವವರೇ ಜಾಸ್ತಿ. ಹುಲಿ, ಹಿಮಪರ್ವತ, ಮದುಮಗಳು, ಎಲ್ಲ ಚೆನ್ನಾಗಿರುತ್ತವೆ. ಅವರ ಹಳೆಯ ವಿದ್ಯಾರ್ಥಿಗಳು ತೆಗೆದದ್ದನ್ನು ತೋರಿಸಿ ಅನ್ನಿ. ಒಬ್ಬೊಬ್ಬರದು ಒಂದೊಂದು ಥರ ಇದ್ದರೆ ಒಳ್ಳೆಯ ಲಕ್ಷಣ. ಎಲ್ಲರದೂ ಗುರುಗಳ ಫೋಟೋದ ನಕಲಿನ ಹಾಗಿದ್ದರೆ ಅಲ್ಲಿ ಕಲಿಸುತ್ತಿರುವುದು ಪ್ರಿಸೆಟ್ (ಒಂದೇ ಒತ್ತಿಗೆ ಹಾಕುವ ಸಿದ್ಧ ಎಡಿಟಿಂಗ್) ಹಾಕುವುದನ್ನು ಮಾತ್ರ.

ನೀವು ಹೇಳಿದವುಗಳಲ್ಲಿ ನನ್ನ ಓಟು ವಾರಕ್ಕೊಮ್ಮೆಯ ತರಗತಿಗೆ, 8ರಿಂದ 10 ವಾರದ್ದು. ಎರಡು ದಿನದ ವರ್ಕ್‌ಶಾಪ್‌ನಲ್ಲಿ ಖುಷಿ ಸಿಗುತ್ತದೆ, ಸ್ನೇಹಿತರು ಸಿಗುತ್ತಾರೆ. ಆದರೆ ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವೆ ಅಂತರ ಇರಬೇಕು. ಆ ಆರು ದಿನ ನೀವೇ ತೆಗೆದು, ಕೆಡಿಸಿ, ಮತ್ತೆ ತೆಗೆಯುವಾಗಲೇ ಕೈ ಪಳಗುವುದು. ಡಿಪ್ಲೊಮಾ ಈಗ ಬೇಡ. ಇದನ್ನೇ ಕಸುಬು ಮಾಡಿಕೊಳ್ಳುವ ಯೋಚನೆ ಇದ್ದರೂ, ಕೆಲಸ ಕೊಡುವವರು ಮೊದಲು ಕೇಳುವುದು ಪೋರ್ಟ್‌ಫೋಲಿಯೊ. ಒಬ್ಬ ಒಳ್ಳೆಯ ಫೋಟೋಗ್ರಾಫರ್‌ಗೆ ಸಹಾಯಕರಾಗಿ ಕೆಲವು ವಾರಾಂತ್ಯ ಲೈಟ್ ಸ್ಟ್ಯಾಂಡ್ ಹೊತ್ತರೆ ವ್ಯವಹಾರ ಹೇಗೆ ನಡೆಯುತ್ತದೆ ಅನ್ನುವುದೂ ತಿಳಿಯುತ್ತದೆ.

ಆನ್‌ಲೈನ್ ಪೂರ್ತಿ ಬೇಡ ಅನ್ನುವುದಿಲ್ಲ. ಫೋಟೋ ಕಳಿಸಿದರೆ ನೋಡಿ ಉತ್ತರಿಸುವವರು ಆ ಕಡೆ ಇದ್ದರೆ, ನಿಗದಿತ ವಾರದೊಳಗೆ ಕಳಿಸಲೇಬೇಕು ಅನ್ನುವ ಕಟ್ಟುಪಾಡು ಇದ್ದರೆ ಸೇರಿ. 'ಜೀವನಪೂರ್ತಿ ನೋಡಬಹುದು' ಅನ್ನುವ ಜಾಹೀರಾತಿಗೆ ಮಾತ್ರ ಬೀಳಬೇಡಿ. ಯಾವಾಗ ಬೇಕಾದರೂ ನೋಡಬಹುದಾದ್ದನ್ನು ಕೆಲಸಕ್ಕೆ ಹೋಗುವ ಮನುಷ್ಯ ಯಾವತ್ತೂ ನೋಡುವುದಿಲ್ಲ.

ಸಂಜೆ ತರಗತಿಯ ಒಂದು ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ನೀವು ಕೆಲಸ ಮುಗಿಸಿ ಬರುವಷ್ಟರಲ್ಲಿ ಹಗಲ ಬೆಳಕು ಹೋಗಿರುತ್ತದೆ. ಬೆಳಕಿನ ಬಗ್ಗೆ ಕಲಿಯಬೇಕಾದವರು ಟ್ಯೂಬ್‌ಲೈಟ್ ಕೆಳಗೆ ಕೂತು ಸ್ಲೈಡ್ ನೋಡಿ ಬರುತ್ತಾರೆ. ಹಾಗಾಗಿ ಬೆಳಗಿನ ಹೊತ್ತು ಹೊರಗೆ ಕರೆದೊಯ್ಯುವ ತರಗತಿ ಎಷ್ಟಿದೆ ಅಂತ ವಿಚಾರಿಸಿ. ಒಂದೂ ಇಲ್ಲ ಅಂದರೆ ಬೇರೆ ನೋಡಿ.

ಇಪ್ಪತ್ತರ ಹುಡುಗರ ಮಧ್ಯೆ ಕೂರಲು ಮುಜುಗರ ಅಂತ ಬರೆದಿದ್ದೀರಿ. ಮೊದಲ ಎರಡು ತರಗತಿ ಹಾಗನ್ನಿಸಬಹುದು. ಮೆನು, ಬಟನ್ ಅವರ ಕೈಗೆ ಬೇಗ ಹತ್ತುತ್ತವೆ, ನಿಜ. ಆದರೆ ಏನನ್ನು ತೆಗೆಯಬೇಕು ಅನ್ನುವಲ್ಲಿ ಅವರು ತಡವರಿಸುತ್ತಾರೆ. ನಿಮಗೆ ನಿಮ್ಮ ಕೆಲಸದ ಜಾಗ ಒಳಗಿನಿಂದ ಗೊತ್ತು, ವಯಸ್ಸಾದ ಅಪ್ಪ ಅಮ್ಮನ ದಿನಚರಿ ಗೊತ್ತು. ಹೊರಗಿನ ಫೋಟೋಗ್ರಾಫರ್ ಬಂದು ಕೇಳಿದರೂ ಸಿಗದ ಸಲುಗೆ ಅದು. ಹೋಮ್‌ವರ್ಕ್ ಕೊಟ್ಟಾಗ ಸೂರ್ಯಾಸ್ತ ಹುಡುಕಿಕೊಂಡು ಹೋಗದೆ ಇಂಥದ್ದನ್ನೇ ತೆಗೆದುಕೊಂಡು ಹೋಗಿ.

ಎಡಿಟಿಂಗ್ ಜಾಸ್ತಿ ಕಲಿಸುವ ಕೋರ್ಸ್ ಸದ್ಯಕ್ಕೆ ಬಿಡಿ. ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆಯುವ ಅಭ್ಯಾಸ ಮಾತ್ರ ಈಗಲೇ ಇರಲಿ. 8 ಬಿಟ್‌ನ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಇದ್ದರೆ, 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಹಂತ. ಮುಂದೆ ಎಡಿಟ್ ಮಾಡಲು ಕೂತಾಗ ಕೈಯಲ್ಲಿ ಸರಕು ಇರುತ್ತದೆ. ಡಾರ್ಕ್‌ಟೇಬಲ್ ಅನ್ನುವ ಉಚಿತ ತಂತ್ರಾಂಶ ಸಾಕು.

ಇನ್ನು ಕ್ಯಾಮೆರಾ. ಬದಲಿಸಬೇಡಿ. ಈಗಿರುವ ಕ್ಯಾಮೆರಾ, ಜೊತೆಗೆ ಬಂದ ಕಿಟ್ ಲೆನ್ಸ್, ಎರಡೂ ಕೋರ್ಸ್ ಮುಗಿಯುವವರೆಗೆ ಸಾಕಾಗುತ್ತವೆ. ಮೊದಲ ತರಗತಿಯಲ್ಲೇ ಇಂಥ ಲೆನ್ಸ್ ಕೊಳ್ಳಿ, ಇಂಥ ಅಂಗಡಿಯಲ್ಲೇ ಕೊಳ್ಳಿ ಅಂತ ಶುರುಮಾಡಿದರೆ ಕಟ್ಟಿದ ಫೀಸು ವಾಪಸ್ ಕೊಡುತ್ತಾರಾ ಕೇಳಿ. ಫೀಸು ವಾಪಸ್ ಕೊಡುವ ನಿಯಮವನ್ನು ದುಡ್ಡು ಕಟ್ಟುವ ಮುಂಚೆಯೇ ಬರಹದಲ್ಲಿ ತೆಗೆದುಕೊಂಡಿರಿ.